ಎರಡು ಅಚ್ಚುಗಳ ನಡುವೆ ಒಂದು ಸುಳಿ

ಕಬ್ಬಿಣ ಅಂದಕೂಡಲೇ ಅಯಸ್ಕಾಂತ ನೆನಪಾಗುವುದು ಸಹಜ. ಆದರೆ ಕರಗಿದ ಉಕ್ಕನ್ನು ಯಾವ ಅಯಸ್ಕಾಂತವೂ ಎಳೆದುಕೊಳ್ಳುವುದಿಲ್ಲ. ಕಬ್ಬಿಣ ಕಾದು 770 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಬಿಟ್ಟುಬಿಡುತ್ತದೆ. ಅದು ಕರಗುವುದೋ 1538 ಡಿಗ್ರಿಯಲ್ಲಿ. ಹಾಗಿದ್ದರೂ ಉಕ್ಕು ಸುರಿಯುವ ಮೋಲ್ಡಿನ ಎರಡೂ ಬದಿಗೆ ಟನ್‌ಗಟ್ಟಲೆ ತೂಕದ ವಿದ್ಯುತ್ಕಾಂತಗಳನ್ನು ಕೂರಿಸುವ ಪದ್ಧತಿ ಇಂದು ಎಷ್ಟೋ ಕಾರ್ಖಾನೆಗಳಲ್ಲಿದೆ. ಕರಗಿದ ಉಕ್ಕು ಅಯಸ್ಕಾಂತವನ್ನು ಮರೆತರೂ ವಿದ್ಯುತ್ತನ್ನು ಮರೆಯುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಅದು ಒಳ್ಳೆಯ ವಾಹಕ. ವಾಹಕವೊಂದು ಕಾಂತಕ್ಷೇತ್ರವನ್ನು ಅಡ್ಡಹಾಯ್ದರೆ ಅದರೊಳಗೆ ವಿದ್ಯುತ್ ಹುಟ್ಟುತ್ತದೆ. ಹುಟ್ಟಿದ ವಿದ್ಯುತ್ತು ಅದೇ ಕ್ಷೇತ್ರದೊಡನೆ ಸೇರಿ, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಯಾರೂ ಮುಟ್ಟದೆ, ಒಳಗೆ ಯಾವ ಕೋಲನ್ನೂ ಇಳಿಸದೆ, 1500 ಡಿಗ್ರಿ ಮೀರಿದ ದ್ರವದ ಓಟವನ್ನು ಹೊರಗಿನಿಂದಲೇ ತಿದ್ದಬಹುದು.

ಈ ತಂತ್ರವನ್ನು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನಿಂತ ಕಾಂತಕ್ಷೇತ್ರ ಬ್ರೇಕು, ತಿರುಗುವ ಕಾಂತಕ್ಷೇತ್ರ ಕಡೆಗೋಲು. ಬ್ರೇಕು ಸಾಲದಿದ್ದರೆ ಕಾಂತದ ಬಲ ಹೆಚ್ಚಿಸಿ, ಕಡೆದದ್ದು ಸಾಲದಿದ್ದರೆ ಇನ್ನಷ್ಟು ಕರೆಂಟು ಕೊಡಿ. ಈ ತಿಳಿವಳಿಕೆ ಪೂರ್ತಿ ಸುಳ್ಳಲ್ಲ, ಆದರೆ ದಾರಿ ತಪ್ಪಿಸುವಂಥದ್ದು. ಹರಿವಿನಲ್ಲಿ ಏಳುವ ಸುಳಿಯ ವಿಷಯಕ್ಕೆ ಬಂದರೆ ಕಾಂತಕ್ಷೇತ್ರ ಬ್ರೇಕಿನ ಹಾಗೆ ಎಲ್ಲವನ್ನೂ ಸಮನಾಗಿ ಹಿಡಿಯುವುದಿಲ್ಲ. ಅದು ಆರಿಸುತ್ತದೆ: ಒಂದು ಬಗೆಯ ಸುಳಿಯನ್ನು ಕ್ಷಣದಲ್ಲಿ ಅಳಿಸಿ, ಇನ್ನೊಂದು ಬಗೆಯದನ್ನು ಹಾಗೆಯೇ ಉಳಿಸುತ್ತದೆ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಕಾಂತದ ಬಲಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿದೆ. ಗಾಲಿ ಯಾವುದರ ಸುತ್ತ ತಿರುಗುತ್ತದೋ ಅದು ಅಚ್ಚು; ಲೋಹವನ್ನು ಯಾವುದರೊಳಗೆ ಎರೆಯುತ್ತೇವೋ ಅದೂ ಅಚ್ಚು. ಸುಳಿಯ ಅಚ್ಚು ಯಾವ ದಿಕ್ಕಿಗೆ ಚಾಚಿದೆ, ಎರಕದ ಅಚ್ಚಿನ ಗೋಡೆ ವಿದ್ಯುತ್ತಿಗೆ ದಾರಿ ಕೊಡುತ್ತದೆಯೋ ಇಲ್ಲವೋ, ಇವೆರಡನ್ನು ಕೇಳದೆ ಕಾಂತದ ಬಲವನ್ನಷ್ಟೇ ಲೆಕ್ಕ ಹಾಕುವುದು ಅರ್ಧ ಲೆಕ್ಕ.

ಮೊದಲು ಬಲದ ಲೆಕ್ಕವನ್ನೇ ನೋಡೋಣ, ಏಕೆಂದರೆ ಅದರ ಪಾಲನ್ನು ಅದಕ್ಕೆ ಕೊಡಲೇಬೇಕು. ಕರಗಿದ ಉಕ್ಕು ಮಂದವಾಗಿ, ಜೇನಿನಂತೆ ಹರಿಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಅದರ ಹರಿವು ಹೆಚ್ಚುಕಡಿಮೆ ನೀರಿನದ್ದೇ. ಸಾಂದ್ರತೆಯೊಡನೆ ಸ್ನಿಗ್ಧತೆಯನ್ನು ಹೋಲಿಸಿ ನೋಡಿದರೆ ಎರಡೂ ಒಂದೇ ಮಟ್ಟದಲ್ಲಿವೆ. ಹಾಗಾಗಿ ಗೇಣುದ್ದದ ಒಂದು ಸುಳಿ ತನ್ನ ಸ್ನಿಗ್ಧತೆಯಿಂದಷ್ಟೇ ಆರಬೇಕೆಂದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಈಗ 0.3 ಟೆಸ್ಲಾದ ಕಾಂತಕ್ಷೇತ್ರವನ್ನು ಹಾಯಿಸಿ. ಇದು ಭೂಮಿಯ ಕಾಂತಕ್ಷೇತ್ರದ ಸುಮಾರು 6,000 ಪಟ್ಟು. ದ್ರವದ ಸಾಂದ್ರತೆಯನ್ನು ಅದರ ವಾಹಕತೆಯಿಂದ ಮತ್ತು ಕ್ಷೇತ್ರಬಲದ ವರ್ಗದಿಂದ ಭಾಗಿಸಿದರೆ, ಕಾಂತಕ್ಷೇತ್ರ ತನ್ನ ಕೈ ತೋರಿಸಲು ಎಷ್ಟು ಹೊತ್ತು ಬೇಕೆಂಬುದು ಸಿಗುತ್ತದೆ. ಉಕ್ಕಿಗೆ ಅದು ಸುಮಾರು 0.11 ಸೆಕೆಂಡು. ಮೋಲ್ಡಿಗೆ ಉಕ್ಕು ಸುರಿಯುವ ನಾಜಲ್ಲಿನಿಂದ ಸೆಕೆಂಡಿಗೆ ಒಂದು ಮೀಟರಿನಂತೆ ನುಗ್ಗುವ ಉಕ್ಕು ಅಷ್ಟು ಹೊತ್ತಿನಲ್ಲಿ ಹತ್ತು ಸೆಂಟಿಮೀಟರು ಸಾಗಿರುತ್ತದೆ, ಅಷ್ಟೆ. ಇದೇ ಕ್ಷೇತ್ರವನ್ನು ಸಮುದ್ರದ ನೀರಿನ ಮೇಲೆ ಹಾಯಿಸಿದರೆ ಅರ್ಧ ಗಂಟೆಗೂ ಮೀರಿ ಕಾಯಬೇಕು. ಉಪ್ಪು ನೀರಿಗೆ ಹೊಂದದ ಉಪಾಯ ದ್ರವಲೋಹಕ್ಕೆ ಹೊಂದುವುದು ಈ ಒಂದು ಅಂಕಿಯಿಂದಾಗಿ. ಕ್ಷೇತ್ರ ತೀರಾ ದುರ್ಬಲವಾಗಿದ್ದು ಈ ಹೊತ್ತು ಸುಳಿಯ ಒಂದು ಸುತ್ತಿಗಿಂತ ಬಹಳ ಉದ್ದವಾದರೆ ತಡೆಯ ಮಾತೇ ಇಲ್ಲ. ಬಲದ ಕೆಲಸ ಬಾಗಿಲು ತೆರೆಯುವುದು. ಒಳಗೆ ಹೋದಮೇಲೆ ಆಗುವುದನ್ನು ದಿಕ್ಕು ಹೇಳುತ್ತದೆ.

ದಿಕ್ಕು ಏಕೆ ಇಷ್ಟು ಮುಖ್ಯ? ನೆಟ್ಟಗೆ ನಿಂತ ಒಂದು ಸುಳಿಯನ್ನು ಕಲ್ಪಿಸಿಕೊಳ್ಳಿ, ಕಾಂತಕ್ಷೇತ್ರವೂ ನೆಟ್ಟಗೆ ಮೇಲ್ಮುಖವಾಗಿದೆ ಎನ್ನಿ. ದ್ರವ ಸುತ್ತುತ್ತಿದೆ, ಪ್ರತಿ ಬಿಂದುವಿನಲ್ಲೂ ಹುಟ್ಟುವ ವಿದ್ಯುತ್ ಪ್ರೇರಣೆ ನಡುವಿನಿಂದ ಅಂಚಿನ ಕಡೆಗೇ ನೂಕುತ್ತದೆ, ಕೊಡೆಯ ಕಡ್ಡಿಗಳಂತೆ. ಎಲ್ಲ ಕಡೆಯಿಂದಲೂ ವಿದ್ಯುತ್ತು ಹೊರಗೇ ಹೋಗಬೇಕು, ಮರಳಿ ಬರಲು ದಾರಿಯಿಲ್ಲ. ಮರಳುವ ದಾರಿಯಿಲ್ಲದೆ ವಿದ್ಯುತ್ತು ಹರಿಯದು. ಅಂಚಿನಲ್ಲಿ ವಿದ್ಯುದಂಶ ಕೂಡಿಕೊಂಡು ನೂಕನ್ನು ಸರಿದೂಗಿಸುತ್ತದೆ, ಪ್ರವಾಹ ನಿಲ್ಲುತ್ತದೆ. ಪ್ರವಾಹವಿಲ್ಲದಿದ್ದರೆ ತಡೆಯೂ ಇಲ್ಲ. ಸುಳಿ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಈಗ ಸುಳಿಯನ್ನು ಮಲಗಿಸಿ, ಅದರ ಅಚ್ಚು ಕ್ಷೇತ್ರಕ್ಕೆ ಅಡ್ಡವಾಗಲಿ. ಒಂದು ಬದಿಯಲ್ಲಿ ದ್ರವ ಕ್ಷೇತ್ರವನ್ನು ಒಂದು ದಿಕ್ಕಿಗೆ ದಾಟಿದರೆ ಇನ್ನೊಂದು ಬದಿಯಲ್ಲಿ ಎದುರು ದಿಕ್ಕಿಗೆ ದಾಟುತ್ತದೆ. ಒಂದೆಡೆ ಹೋದ ವಿದ್ಯುತ್ತಿಗೆ ಇನ್ನೊಂದೆಡೆ ಮರಳುವ ದಾರಿ ತಾನಾಗಿ ಸಿಕ್ಕಿತು. ವರ್ತುಲ ಕೂಡಿತು, ತಡೆ ಹುಟ್ಟಿತು. ಮೇಲೆ ಹೇಳಿದ ಉಕ್ಕಿನಲ್ಲಾದರೆ ಇಂಥ ಅಡ್ಡಸುಳಿ ಅರ್ಧ ಸೆಕೆಂಡಿನ ಆಸುಪಾಸಿನಲ್ಲೇ ತನ್ನ ಸುತ್ತನ್ನು ಬಹುಪಾಲು ಕಳೆದುಕೊಳ್ಳುತ್ತದೆ.

ಕೇಂಬ್ರಿಜ್‌ನ ಪೀಟರ್ ಡೇವಿಡ್‌ಸನ್ 1990ರ ದಶಕದಲ್ಲಿ ಇದನ್ನು ಬಹಳ ಚೊಕ್ಕವಾದ ನಿಯಮವಾಗಿ ಹೇಳಿದರು. ವಿದ್ಯುತ್ತು ಹೊರಹೋಗದ ಪಾತ್ರೆಯಲ್ಲಿ ಸಮನಾದ ಕಾಂತಕ್ಷೇತ್ರವೊಂದಿದ್ದರೆ, ಆ ಕ್ಷೇತ್ರದ ದಿಕ್ಕಿಗಿರುವ ಕೋನೀಯ ಸಂವೇಗವನ್ನು ಕಾಂತಬಲ ಒಂದಿಷ್ಟೂ ಕಳೆಯಲಾರದು. ಶಕ್ತಿಯನ್ನು ಅದು ಬಿಸಿಯಾಗಿ ಪರಿವರ್ತಿಸುತ್ತ ಹೋಗಬಹುದು, ಆದರೆ ಆ ದಿಕ್ಕಿನ ಸುತ್ತು ಉಳಿಯಲೇಬೇಕು. ಹಾಗಾದರೆ ಶಕ್ತಿ ಕಳೆಯುತ್ತ ಸುತ್ತನ್ನು ಉಳಿಸಿಕೊಳ್ಳುವುದು ಹೇಗೆ? ಸುಳಿ ಕ್ಷೇತ್ರದ ಗೆರೆಗುಂಟ ಉದ್ದವಾಗುತ್ತದೆ, ಬುಗುರಿಯಂತಿದ್ದದ್ದು ಕಂಬದಂತಾಗುತ್ತದೆ, ಹೆಚ್ಚು ದ್ರವ ನಿಧಾನವಾಗಿ ಸುತ್ತತೊಡಗುತ್ತದೆ. ಹೀಗೆ ಉದ್ದವಾದಷ್ಟೂ ಶಕ್ತಿ ಸೋರುವ ವೇಗವೂ ಇಳಿಯುತ್ತದೆ. ಬ್ರೇಕು ಹಾಕಿದ ಗಾಲಿ ಹೀಗೆ ವರ್ತಿಸುವುದಿಲ್ಲ. ಇಲ್ಲಿ ನಡೆಯುವುದು ಹರಿವಿನ ರೂಪಾಂತರ; ಆ ಹೆಸರಿನಿಂದ ಕರೆದರಷ್ಟೇ ಅದು ಅರ್ಥವಾಗುತ್ತದೆ.

ಇದಕ್ಕೆ ಸಾಕ್ಷಿ ಡೇವಿಡ್‌ಸನ್ ಬರೆಯುವ ಮೊದಲೇ ಇತ್ತು, ಅದೂ ಒಂದೇ ಪಾತ್ರೆಯೊಳಗೆ. ಸಿ.ವಿ. ರಾಮನ್ನರ ಸೋದರನ ಮಗ ಎಸ್. ಚಂದ್ರಶೇಖರ್ ನಕ್ಷತ್ರಗಳ ವಿಜ್ಞಾನಿಯೆಂದೇ ಹೆಸರಾದವರು. 1953ರಲ್ಲಿ ಅವರು, ಒಂದರೊಳಗೊಂದು ತಿರುಗುವ ಎರಡು ಉರುಳೆಗಳ ನಡುವೆ ತುಂಬಿದ ದ್ರವಲೋಹಕ್ಕೆ ಉರುಳೆಗಳ ಉದ್ದಕ್ಕೂ ಕಾಂತಕ್ಷೇತ್ರ ಹಾಯಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿದರು. ಒಳಗಿನ ಉರುಳೆ ಒಂದು ವೇಗ ಮೀರಿದಾಗ ಸಾಮಾನ್ಯ ದ್ರವದಲ್ಲಿ ಬಳೆಗಳನ್ನು ಪೇರಿಸಿದಂತೆ ಒಂದರ ಮೇಲೊಂದು ಚಿಕ್ಕ ಸುಳಿಗಳು ಏಳುತ್ತವೆ. ಕ್ಷೇತ್ರವಿದ್ದರೆ ಅವು ಏಳುವುದು ತಡವಾಗಬೇಕು, ಹೆಚ್ಚು ವೇಗ ಬೇಕಾಗಬೇಕು ಎಂದಿತು ಅವರ ಗಣಿತ. ಡಾನೆಲಿ ಮತ್ತು ಒಝಿಮಾ 1960ರ ಹೊತ್ತಿಗೆ ಪಾದರಸ ತುಂಬಿ ಪ್ರಯೋಗ ಮಾಡಿದಾಗ ಹಾಗೆಯೇ ಕಂಡಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಬೇರೆ. ಆ ಪಾತ್ರೆಯಲ್ಲಿ ಎರಡು ಸುಳಿಗಳಿವೆ. ಉರುಳೆಯ ಸುತ್ತ ಇಡೀ ಪಾದರಸ ಸುತ್ತುವುದು ಒಂದು. ಅದರ ಅಚ್ಚು ಕ್ಷೇತ್ರದ ದಿಕ್ಕಿಗೇ ಇದೆ. ಬಳೆಸುಳಿಗಳು ಇನ್ನೊಂದು, ಅವುಗಳ ಅಚ್ಚು ಕ್ಷೇತ್ರಕ್ಕೆ ಅಡ್ಡ. ಒಂದೇ ಕಾಂತ, ಒಂದೇ ಬಲ. ಮೊದಲನೆಯದು ನಡೆದೇ ಇತ್ತು, ಎರಡನೆಯದಕ್ಕೆ ತಡೆ ಬಿತ್ತು.

ಕೈಗಾರಿಕೆ ಇದೇ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತದ್ದು ಸಿಲಿಕಾನ್ ಹರಳಿನಲ್ಲಿ. ನಮ್ಮ ಫೋನಿನ ಚಿಪ್ಪು ಹುಟ್ಟುವುದು 1414 ಡಿಗ್ರಿಯಲ್ಲಿ ಕರಗಿದ ಸಿಲಿಕಾನಿನಿಂದ ಮೆಲ್ಲಗೆ ಮೇಲೆತ್ತಿದ ಒಂದು ಉದ್ದನೆಯ ಹರಳಿನಿಂದ. ಹರಳು ಒಂದು ದಿಕ್ಕಿಗೆ, ಮೂಸೆ ಸಾಮಾನ್ಯವಾಗಿ ಎದುರು ದಿಕ್ಕಿಗೆ ತಿರುಗುತ್ತವೆ. ನಡುವಿನ ದ್ರವ ಬಿಸಿಗೆ ಏಳುತ್ತ ಬೀಳುತ್ತ ಸುಳಿಗಟ್ಟುತ್ತದೆ. ಆ ಕದಡಿಕೆ ಹರಳಿನೊಳಗೆ ಮರದ ವರ್ಷಬಳೆಗಳಂಥ ಪಟ್ಟೆಗಳನ್ನು ಬಿಡುತ್ತದೆ, ಪಟ್ಟೆಯಿಂದ ಪಟ್ಟೆಗೆ ಬೆರಕೆಯ ಪ್ರಮಾಣ ಬೇರೆಯಾಗುತ್ತದೆ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಉಟೆಕ್ ಮತ್ತು ಫ್ಲೆಮಿಂಗ್ಸ್, ಇಂಗ್ಲೆಂಡಿನಲ್ಲಿ ಚೆಡ್ಜೀ ಮತ್ತು ಹರ್ಲ್, ಬೇರೆ ಹರಳುಗಳಲ್ಲಿ ಈ ಪಟ್ಟೆಗಳು ಕಾಂತಕ್ಷೇತ್ರದಲ್ಲಿ ಮಾಯವಾಗುವುದನ್ನು ತೋರಿಸಿದರು. 1980ರ ಹೊತ್ತಿಗೆ ಜಪಾನಿನ ಸೋನಿ ಸಂಸ್ಥೆಯವರು ಸಿಲಿಕಾನಿಗೂ ಅದನ್ನು ತಂದರು. ಬ್ರೇಕಿನ ವಾದವೇ ಸಾಕಾಗಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕ್ಷೇತ್ರವನ್ನು ಹರಳಿನ ಅಚ್ಚಿನ ದಿಕ್ಕಿಗೇ, ಲಂಬವಾಗಿ ಹಾಯಿಸಿದಾಗ ಕದಡಿಕೆ ತಗ್ಗಿತು, ಆದರೆ ಬೆರಕೆಯ ಪ್ರಮಾಣ ಹರಳಿನ ನಡುವಿನಿಂದ ಅಂಚಿಗೆ ಏರುಪೇರಾಯಿತು. ತಿರುಗುವ ಹರಳಿನ ಅಡಿಯಲ್ಲಿ ದ್ರವ ಹೊರಮುಖವಾಗಿ ಹರಡುತ್ತ ಎಲ್ಲವನ್ನೂ ಸಮ ಮಾಡುತ್ತಿತ್ತು. ಆ ಹೊರಹರಿವು ಕ್ಷೇತ್ರದ ಗೆರೆಗಳನ್ನು ದಾಟಲೇಬೇಕಾದ್ದರಿಂದ ಸೊರಗಿತು, ಬೇಕಾದ್ದೇ ಅಳಿದಂತಾಯಿತು. ಆಮೇಲೆ, 1980ರ ದಶಕದ ಕೊನೆಗೆ, ಎರಡು ಸುರುಳಿಗಳಲ್ಲಿ ಎದುರುಬದುರು ಕರೆಂಟು ಹರಿಸಿ, ಹರಳಿನ ಅಡಿಯಲ್ಲಿ ಕ್ಷೇತ್ರ ಬಹುತೇಕ ಇಲ್ಲದಂತೆ, ಮೂಸೆಯ ಗೋಡೆಯ ಬಳಿ ಬಲವಾಗಿರುವಂತೆ ಬಾಗಿಸಿದ ಕ್ಷೇತ್ರ ಬಂತು. ಅಡ್ಡ ಕ್ಷೇತ್ರವೂ ಬಳಕೆಯಲ್ಲಿದೆ. ಅದು ಬಿಸಿಯ ಹಂಚಿಕೆಯ ದುಂಡನ್ನು ಕೆಡಿಸುತ್ತದೆಂಬ ದೋಷವನ್ನು ಸಹಿಸಿಕೊಂಡೇ ಬಳಸುತ್ತಾರೆ. ಈ ಮೂರೂ ಹೆಜ್ಜೆಗಳಲ್ಲಿ ಬದಲಾದದ್ದು ಕ್ಷೇತ್ರದ ಆಕಾರ ಮತ್ತು ದಿಕ್ಕು.

ಇಷ್ಟು ಹೇಳಿದ ಮೇಲೂ ಉಕ್ಕಿನವರು ಒಂದು ಆಕ್ಷೇಪ ಎತ್ತಬಹುದು, ಅದಕ್ಕೆ ತೂಕವಿದೆ. ಜಗತ್ತಿನ ಉಕ್ಕಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಇಂದು ನಿರಂತರ ಎರಕದಿಂದಲೇ ಬರುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ದೊಡ್ಡ ಸ್ಥಾವರದಲ್ಲಿ ಸ್ಲ್ಯಾಬು, ಅಂದರೆ ಉಕ್ಕಿನ ದಪ್ಪ ಹಲಗೆ, ಹೀಗೆಯೇ ರೂಪುಗೊಳ್ಳುತ್ತದೆ. ಲ್ಯಾಡಲ್ ಎಂಬ ಕೊಪ್ಪರಿಗೆಯಿಂದ ಟಂಡಿಶ್ ಎಂಬ ನಡುತೊಟ್ಟಿಗೆ, ಅಲ್ಲಿಂದ ನಾಜಲ್ಲಿನ ಮೂಲಕ ತಾಮ್ರದ ಮೋಲ್ಡಿಗೆ ಇಳಿಯುವ ಉಕ್ಕು ಎರಡು ಕವಲಾಗಿ ಬದಿಗಳಿಗೆ ನುಗ್ಗುತ್ತದೆ. ಬದಿಗೆ ಬಡಿದು ಮೇಲೊಂದು ಕೆಳಗೊಂದು ಸುಳಿಯಾಗುತ್ತದೆ. ಮೇಲಿನ ಸುಳಿ ಜೋರಾದರೆ ಉಕ್ಕಿನ ಮೇಲೆ ಹರಡಿದ, ಕರಗಿ ತೇಲುವ ಪುಡಿಯ ಕಿಟ್ಟವನ್ನು ಒಳಗೆಳೆದು ತಗಡಿನಲ್ಲಿ ಕಲೆಯಾಗಿಸುತ್ತದೆ. ಕೆಳಗಿನದು ಜೋರಾದರೆ ಗುಳ್ಳೆ ಮತ್ತು ಕಶ್ಮಲ ಆಳಕ್ಕಿಳಿದು ಸಿಕ್ಕಿಬೀಳುತ್ತವೆ. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಅಸೆಯಾ ಮತ್ತು ಜಪಾನಿನ ಕಾವಾಸಾಕಿ ಸ್ಟೀಲ್ ಸಂಸ್ಥೆಗಳು ಮೋಲ್ಡಿನ ಎರಡು ಅಗಲಮುಖಗಳ ನಡುವೆ ಅಡ್ಡ ಕ್ಷೇತ್ರ ಹಾಯಿಸಿ ಈ ನುಗ್ಗಾಟವನ್ನು ತಗ್ಗಿಸಿದವು. ಅಂದಿನಿಂದ ಇದು ನಡೆದು ಬಂದಿದೆ, ಫಲ ಕೊಟ್ಟಿದೆ, ಇದಕ್ಕೆ ಬ್ರೇಕು ಎಂದು ಹೆಸರಿಟ್ಟವರೂ ಅದನ್ನು ದುಡಿಸಿಕೊಂಡವರೇ. ಇನ್ನು ಅಚ್ಚಿನ ಜಿಜ್ಞಾಸೆ ಯಾಕೆ?

ಯಾಕೆಂದರೆ, ಆ ಎರಡು ದೊಡ್ಡ ಸುಳಿಗಳ ಅಚ್ಚು ಎತ್ತ ಚಾಚಿದೆ ಎಂದು ನೋಡಿದರೆ ಅದು ಒಂದು ಅಗಲಮುಖದಿಂದ ಇನ್ನೊಂದಕ್ಕೆ, ಅಂದರೆ ಕ್ಷೇತ್ರದ ದಿಕ್ಕಿಗೇ ಇದೆ! ನಿಯಮದ ಪ್ರಕಾರ ಕಾಂತ ಅವುಗಳನ್ನು ಬಿಟ್ಟುಬಿಡಬೇಕಿತ್ತು. ಬಿಡದೆ ಹಿಡಿದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಎರಡನೆಯ ಅಚ್ಚಿನಲ್ಲಿದೆ. ಜರ್ಮನಿಯ ಡ್ರೆಸ್ಡೆನ್-ರೋಸೆನ್‌ಡಾರ್ಫ್ ಸಂಶೋಧನಾ ಕೇಂದ್ರದಲ್ಲಿ ಕೋಣೆಯ ಶಾಖದಲ್ಲೇ ದ್ರವವಾಗಿರುವ ಗ್ಯಾಲಿಯಂ, ಇಂಡಿಯಂ, ತವರದ ಮಿಶ್ರಲೋಹದಿಂದ ಮೋಲ್ಡಿನ ಚಿಕ್ಕ ಪ್ರತಿರೂಪ ಮಾಡಿ, ಶ್ರವಣಾತೀತ ಧ್ವನಿಯಿಂದ ಒಳಗಿನ ಹರಿವನ್ನು ಅಳೆದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಬಹಳ ಮುಖ್ಯವಾದದ್ದು. ಗೋಡೆಗಳು ವಿದ್ಯುತ್ ನಿರೋಧಕವಾಗಿದ್ದಾಗ, ಕಾಂತಕ್ಷೇತ್ರ ಹರಿವನ್ನು ಶಾಂತಗೊಳಿಸುವ ಬದಲು ಕೆದಕಿತು. ಕ್ಷೇತ್ರದ ದಿಕ್ಕಿಗೆ ಅಚ್ಚಿರುವ ದೊಡ್ಡ ಸುಳಿಗಳು ಎದ್ದು ಧಾರೆಗಳು ಅತ್ತಿತ್ತ ಹೊಯ್ದಾಡಿದವು. ಅದೇ ಗೋಡೆಗೆ ವಾಹಕ ಲೋಹದ ತಗಡು ಹಾಸಿದಾಗ ಹೊಯ್ದಾಟ ಇಳಿದು ಹರಿವು ನೆಲೆಗೊಂಡಿತು. ಕೊಡೆಯ ಕಡ್ಡಿಗಳಂತೆ ಹೊರನೂಕಲ್ಪಟ್ಟ ವಿದ್ಯುತ್ತಿಗೆ ಮರಳುವ ದಾರಿ ಗೋಡೆಯಲ್ಲಿ ಸಿಕ್ಕಿತು; ಸುಳಿಯ ಸುತ್ತು ಆ ದಾರಿಯಿಂದ ಗೋಡೆಗೆ ಇಳಿಯಿತು. ನಿಜವಾದ ಎರಕದಲ್ಲಿ ಮೋಲ್ಡಿನ ಒಳಮೈಗೆ ಗಟ್ಟಿಯಾದ ಉಕ್ಕಿನ ಚಿಪ್ಪು ಕಟ್ಟಿರುತ್ತದೆ, ಅದರ ವಾಹಕತೆ ದ್ರವ ಉಕ್ಕಿಗಿಂತ ತುಸು ಹೆಚ್ಚೇ. ಕಾರ್ಖಾನೆಯಲ್ಲಿ ಬ್ರೇಕು ಹಿಡಿದದ್ದರಲ್ಲಿ ಸುಲಭವಾಗಿ ಲೆಕ್ಕ ತಪ್ಪುವ ಆ ಚಿಪ್ಪಿನ ಪಾಲು ದೊಡ್ಡದು.

ಬಲವೇ ಎಲ್ಲವೂ ಅಲ್ಲ ಎಂಬುದನ್ನು ಇನ್ನೊಂದು ತುದಿಯಿಂದಲೂ ತೋರಿಸಬಹುದು. ದುಂಡನೆಯ ಬಟ್ಟಲಿನಲ್ಲಿ ಪಾದರಸ ಹಾಕಿ ನಡುವಿನ ಕಡ್ಡಿಯಿಂದ ಅಂಚಿಗೆ ಕರೆಂಟು ಹರಿಸಿದರೆ ದ್ರವ ಮೇಲೆ ಕೆಳಗೆ ಸುತ್ತಬೇಕು, ಗಿರಕಿ ಹೊಡೆಯಲು ಕಾರಣವಿಲ್ಲ. ಆದರೆ ಲ್ಯಾಟ್ವಿಯಾದ ರೀಗಾ ಬಳಿಯ ಪ್ರಯೋಗಶಾಲೆಯಲ್ಲಿ ಕರೆಂಟು ಏರಿಸಿದಂತೆ ಪಾದರಸ ಗಿರಕಿ ಹೊಡೆಯತೊಡಗಿತು. ಅದು ತಾನೇ ಹುಟ್ಟಿದ ಅಸ್ಥಿರತೆಯೆಂದು ಬಹಳ ಕಾಲ ವಾದ ನಡೆಯಿತು. ಡೇವಿಡ್‌ಸನ್ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟ ವಿವರಣೆ ಸರಳ: ಭೂಮಿಯ ಕಾಂತಕ್ಷೇತ್ರವೇ ಸಾಕು. ಸುತ್ತುವ ದಿಕ್ಕಿಗೆ ಬೀಳುವ ಬಲ ಉಳಿದದ್ದರ ನೂರಕ್ಕೆ ಒಂದರಷ್ಟಿದ್ದರೂ ಗಿರಕಿ ಮೇಲುಗೈ ಪಡೆಯುತ್ತದೆ, ಏಕೆಂದರೆ ಆ ದಿಕ್ಕಿನಲ್ಲಿ ಅದಕ್ಕೆ ಎದುರಾಳಿ ಗೋಡೆಯ ಘರ್ಷಣೆಯೊಂದೇ. ಚಹಾ ಕಲಕಿ ಬಿಟ್ಟಾಗ ಎಲೆಚೂರು ತಳದ ನಡುವಿಗೆ ಸೇರುವುದನ್ನು ಐನ್‌ಸ್ಟೈನ್ 1926ರಲ್ಲಿ ವಿವರಿಸಿದ್ದು ಇದೇ ಘರ್ಷಣೆ ತಳದ ಪದರದಲ್ಲಿ ಆಡುವ ಆಟದಿಂದ. ತಿರುಗುವ ಕ್ಷೇತ್ರದಿಂದ ಬಿಲ್ಲೆಟ್ಟಿನ, ಅಂದರೆ ಚೌಕ ದಿಂಡಿನ, ಉಕ್ಕನ್ನು ಕಲಕುವವರಿಗೆ ಇದು ನೇರ ಸಂಬಂಧಪಟ್ಟ ವಿಷಯ. ಕಲಕಿದರೆ ಮೊಳೆತ ಹರಳಿನ ಕೊಂಬೆಗಳು ಮುರಿದು ಉಕ್ಕಿನ ನಡುಭಾಗ ಸಣ್ಣ ಕಾಳಾಗಿ ಹೆಪ್ಪುಗಟ್ಟುತ್ತದೆ, ಅದು ಒಳ್ಳೆಯದು. ಅತಿಯಾದರೆ ಮೇಲ್ಮೈ ಬಟ್ಟಲಿನಂತೆ ತಗ್ಗಿ ಪುಡಿಯನ್ನು ಒಳಗೆಳೆದುಕೊಳ್ಳುತ್ತದೆ. ಎರಕದ ಅಡ್ಡಕೊಯ್ತದಲ್ಲಿ ಬಿಳಿ ಪಟ್ಟೆಯೂ ಕಾಣಿಸಬಹುದು. ಕೆಲವೆಡೆ ಕೆಳಗೆ ಕಲಕುವ ಸುರುಳಿಯಿಟ್ಟು ಮೇಲೆ ಅದಕ್ಕೆ ಎದುರಾಗಿ ಇನ್ನೊಂದನ್ನು ತಿರುಗಿಸುವುದು ಈ ಕಾರಣಕ್ಕೆ.

ಗಣಕಗಳು ಇಷ್ಟು ಬೆಳೆದ ಮೇಲೆ ಇದನ್ನೆಲ್ಲ ಅನುಕರಣೆ ಓಡಿಸಿ ತಿಳಿಯಬಹುದಲ್ಲ ಎನ್ನುವುದು ಇನ್ನೊಂದು ಮಾತು. ತಿಳಿಯಬಹುದು, ತಿಳಿಯುತ್ತಲೂ ಇದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎನ್. ರುದ್ರಯ್ಯ ಮತ್ತು ಸಹೋದ್ಯೋಗಿಗಳು ಮುಚ್ಚಿದ ಪೆಟ್ಟಿಗೆಯೊಂದರಲ್ಲಿ ಬಿಸಿಗೆ ಸುತ್ತುವ ವಾಹಕ ದ್ರವದ ಮೇಲೆ ಕಾಂತಕ್ಷೇತ್ರದ ಪರಿಣಾಮವನ್ನು ಗಣಕದಲ್ಲಿ ಕಂಡುಹಿಡಿದು 1995ರಲ್ಲಿ ಬರೆದ ಪ್ರಬಂಧವನ್ನು ಲೋಕದ ಹಲವೆಡೆಯ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಕ್ಷೇತ್ರ ಏರಿದಂತೆ ಸುತ್ತು ಕುಗ್ಗಿ ಬಿಸಿ ಸಾಗುವುದು ಇಳಿಯುತ್ತದೆಂದು ಅವರು ತೋರಿಸಿದರು. ಅವರ ಸುಳಿಯ ಅಚ್ಚು ಕ್ಷೇತ್ರಕ್ಕೆ ಅಡ್ಡವಾಗಿತ್ತು. ಗಣಕ ತಾನಾಗಿ ಗೋಡೆಯ ಗುಣವನ್ನು ಊಹಿಸುವುದಿಲ್ಲ. ನಿರೋಧಕವೋ ವಾಹಕವೋ ಎಂದು ಲೆಕ್ಕ ಹಾಕುವವರೇ ಮೊದಲು ಹೇಳಬೇಕು. ಆ ಒಂದು ಸಾಲಿನಲ್ಲಿ ತಪ್ಪಿದರೆ ಉಳಿದ ಕೋಟಿ ಲೆಕ್ಕಗಳು ಸರಿಯಿದ್ದೂ ಉತ್ತರ ತಪ್ಪು. ಪರಮಾಣು ಸಮ್ಮಿಳನ ಸ್ಥಾವರಗಳಿಗೆ ಸೀಸ-ಲಿಥಿಯಂ ದ್ರವವನ್ನು ಹರಿಸಲು ಹೊರಟವರ ಕಷ್ಟವೂ ಇದೇ ಸಾಲಿನದ್ದು, ಆದರೆ ತಿರುವುಮುರುವಾಗಿ. ಅಲ್ಲಿ ವಾಹಕ ಗೋಡೆ ಪಂಪಿಗೆ ಹೊರಲಾರದ ಭಾರ ಹೊರಿಸುತ್ತದೆ, ಅದಕ್ಕೇ ಕೊಳವೆಯ ಒಳಮೈಗೆ ನಿರೋಧಕ ಲೇಪ ಹುಡುಕುತ್ತಿದ್ದಾರೆ.

ಹೀಗೆ ನೋಡಿದಾಗ ಸ್ಲ್ಯಾಬಿನ ಮೋಲ್ಡು ಇನ್ನೂ ಬಿಡಿಸಿ ಮುಗಿಯದ ಒಗಟು. ಅದರ ಮೇಲ್ತುದಿಯಲ್ಲಿ ಚಿಪ್ಪು ಇನ್ನೂ ಕಟ್ಟಿಲ್ಲ. ಉಕ್ಕಿನ ಮೇಲೆ ತೇಲುವ ಕರಗಿದ ಪುಡಿ, ಉಕ್ಕಿಗೆ ಹೋಲಿಸಿದರೆ ನಿರೋಧಕವೆಂದೇ ಹೇಳಬೇಕು. ಒಂದು ಮೀಟರಿನಷ್ಟು ಕೆಳಗೆ, ಮೋಲ್ಡಿನಿಂದ ಹೊರಬೀಳುವ ಹೊತ್ತಿಗೆ, ಬೆರಳು ದಪ್ಪದ ವಾಹಕ ಚಿಪ್ಪು ಬಂದಿರುತ್ತದೆ. ಎರಕದ ವೇಗ ಬದಲಿಸಿದರೆ ಆ ದಪ್ಪವೂ ಬದಲಾಗುತ್ತದೆ. ನಾಜಲ್ಲಿನ ಬದಿಯಲ್ಲಿ ಏಳುವ ಮೇಲಿನ ಸುಳಿಯ ಒಂದು ಕೊನೆ ಪುಡಿಗೆ ತಾಗಿದೆ, ಇನ್ನೊಂದು ಕೊನೆ ಗಟ್ಟಿ ಉಕ್ಕಿಗೆ. ಕಾಂತಕ್ಕೆ ಕೊಟ್ಟ ಕರೆಂಟು ಮಾತ್ರ ಎರಡಕ್ಕೂ ಒಂದೇ.